ಪ್ರಾರ್ಥನೆಯ ಹೊತ್ತಿನ ಹಿಂಸೆ: ಕಾತ್ತಾನ್‌ಕುಡಿ, ಟಿಂಬಕ್ಟು ಮತ್ತು ಬಂಡುಕೋರರ ಹೊಣೆ

ಒಂದು ದೇಶದ ಗಡಿಯೊಳಗೆ ಸರ್ಕಾರದ ಸೇನೆಗೂ ಸಂಘಟಿತವಾದ ಸಶಸ್ತ್ರ ಗುಂಪಿಗೂ ನಡುವೆ, ಇಲ್ಲವೇ ಅಂಥ ಗುಂಪುಗಳ ನಡುವೆಯೇ ನಡೆಯುವ ಯುದ್ಧವನ್ನು ಕಾನೂನು ಪಂಡಿತರು ‘ಅಂತರರಾಷ್ಟ್ರೀಯವಲ್ಲದ ಸಶಸ್ತ್ರ ಸಂಘರ್ಷ’ ಎಂದು ಕರೆಯುತ್ತಾರೆ. ಎರಡನೇ ಮಹಾಯುದ್ಧದ ನಂತರ ಜಗತ್ತು ಕಂಡ ಯುದ್ಧಗಳಲ್ಲಿ ಹೆಚ್ಚಿನವು ಈ ಬಗೆಯವು. ಇವುಗಳಲ್ಲಿ ಆಯುಧ ಹಿಡಿಯದ ಜನ ಎರಡೂ ಕಡೆಯವರ ಕೈಯಲ್ಲಿ ಸಾಯುತ್ತಾರೆ. ಕೊಂದದ್ದು ಸರ್ಕಾರವಾದರೆ ಪ್ರಶ್ನಿಸುವುದಕ್ಕೆ ಸಂವಿಧಾನವಿದೆ, ನ್ಯಾಯಾಲಯವಿದೆ, ಸಂಸತ್ತಿದೆ, ಜಿನೀವಾದಲ್ಲಿ ಮಾನವ ಹಕ್ಕುಗಳ ಮಂಡಳಿಯಿದೆ. ಉತ್ತರ ದೊರೆಯದೆ ಹೋದೀತು, ಆದರೂ ಪ್ರಶ್ನೆಯನ್ನು ಯಾರ ಮುಂದಿಡಬೇಕೆಂಬುದರಲ್ಲಿ ಗೊಂದಲವಿರುವುದಿಲ್ಲ. ಕೊಂದದ್ದು ಬಂಡುಕೋರರಾದಾಗ ಪ್ರಶ್ನೆ ಎರಡು ಬಗೆಯಲ್ಲಿ ಕಳೆದುಹೋಗುತ್ತದೆ. ಸರ್ಕಾರ ಅವರನ್ನು ದರೋಡೆಕೋರರೆಂದು ಕರೆದು ಕಾನೂನಿನ ಹೊರಗಿಡುತ್ತದೆ. ಅವರ ಬೆಂಬಲಿಗರು ವಿಮೋಚಕರೆಂದು ಕರೆದು ಕಾನೂನಿನ ಮೇಲಿಡುತ್ತಾರೆ. ಎರಡೂ ಮಾತುಗಳ ಫಲ ಒಂದೇ ಆಗಿದ್ದು, ಸತ್ತವರ ಮನೆಯವರಿಗೆ ಯಾರೂ ಉತ್ತರ ಹೇಳಬೇಕಾಗಿ ಬರುವುದಿಲ್ಲ.

ಈ ಉಪನ್ಯಾಸದ ವಾದ ಇಷ್ಟು: ಆಯುಧ ಹಿಡಿದು ಒಂದು ಜನಸಮುದಾಯದ ಹೆಸರಿನಲ್ಲಿ ಮಾತನಾಡುವ ಗುಂಪು, ಆ ಕ್ಷಣದಿಂದಲೇ ನಿರಾಯುಧರ ಮಟ್ಟಿಗೆ ತನ್ನ ಸ್ವಂತ ಹೆಸರಿನಲ್ಲಿ ಕಾನೂನಿನ ಹೊಣೆ ಹೊರುತ್ತದೆ, ಎದುರಾಳಿಯಾದ ಸರ್ಕಾರ ಎಷ್ಟೇ ಕ್ರೂರವಾಗಿದ್ದರೂ ಆ ಹೊಣೆ ಕಡಿಮೆಯಾಗುವುದಿಲ್ಲ. ಈ ವಾದವನ್ನು ಪರೀಕ್ಷಿಸಲು ಪೂಜಾಸ್ಥಳಗಳ ಮೇಲಿನ ದಾಳಿಗಿಂತ ಸ್ಪಷ್ಟವಾದ ಪ್ರಸಂಗ ದೊರೆಯುವುದು ಕಷ್ಟ, ಏಕೆಂದರೆ ಪ್ರಾರ್ಥನೆಗೆ ಸೇರಿದ ಜನರನ್ನು ಯೋಧರೆಂದು ತಪ್ಪಾಗಿ ತಿಳಿಯುವುದಕ್ಕೆ ಅವಕಾಶವೇ ಇಲ್ಲ. ಇಲ್ಲಿ ಮುಖ್ಯವಾಗಿ ಎರಡು ಊರುಗಳ ಚರ್ಚೆಯಿದೆ. ಒಂದು ಶ್ರೀಲಂಕಾದ ಪೂರ್ವ ಕರಾವಳಿಯ ಕಾತ್ತಾನ್‌ಕುಡಿ, ಇನ್ನೊಂದು ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಟಿಂಬಕ್ಟು. ಮೊದಲನೆಯದರಲ್ಲಿ ನಮಾಜಿಗೆ ನಿಂತ ಮನುಷ್ಯರನ್ನು ಕೊಲ್ಲಲಾಯಿತು. ಎರಡನೆಯದರಲ್ಲಿ ಸಂತರ ಗೋರಿಗಳನ್ನು ಕೆಡವಲಾಯಿತು. ನ್ಯಾಯಾಲಯ ತಲುಪಿದ್ದು ಎರಡನೆಯದು ಮಾತ್ರ.

ಶ್ರೀಲಂಕಾದ ಪೂರ್ವ ಪ್ರಾಂತ್ಯ ಮೂರು ಸಮುದಾಯಗಳು ಒತ್ತೊತ್ತಾಗಿ ಬದುಕುವ ನೆಲ. 1981ರ ಜನಗಣತಿಯ ಹೊತ್ತಿಗೆ ಅಲ್ಲಿ ತಮಿಳರು ಹೆಚ್ಚಿನ ಸಂಖ್ಯೆಯಲ್ಲಿದ್ದರು, ಮುಸ್ಲಿಮರು ಸುಮಾರು ಮೂರನೇ ಒಂದು ಭಾಗದಷ್ಟಿದ್ದರು, ಸಿಂಹಳೀಯರು ಸುಮಾರು ನಾಲ್ಕನೇ ಒಂದು ಭಾಗದಷ್ಟಿದ್ದರು. ಮಟ್ಟಕ್ಕಳಪ್ಪಿನಿಂದ ದಕ್ಷಿಣಕ್ಕೆ ಸಮುದ್ರದ ಅಂಚಿನಲ್ಲಿ ಸಾಗುವ ರಸ್ತೆಯಲ್ಲಿ ಒಂದು ತಮಿಳು ಊರು, ಒಂದು ಮುಸ್ಲಿಂ ಊರು, ಮತ್ತೆ ತಮಿಳು ಊರು ಎಂಬಂತೆ ವಸತಿಗಳು ಸರಪಳಿಯಾಗಿ ಸಿಗುತ್ತವೆ. ಎರಡೂ ಸಮುದಾಯಗಳ ಮನೆಮಾತು ತಮಿಳು. ಗದ್ದೆ ಬೇಸಾಯ, ಮೀನುಗಾರಿಕೆ, ವ್ಯಾಪಾರಗಳಲ್ಲಿ ಒಬ್ಬರು ಇನ್ನೊಬ್ಬರನ್ನು ಅವಲಂಬಿಸಿದ್ದರು. ಮಟ್ಟಕ್ಕಳಪ್ಪಿಗೆ ಕೆಲವೇ ಕಿಲೋಮೀಟರ್ ದೂರದ ಕಾತ್ತಾನ್‌ಕುಡಿ ಈ ಸರಪಳಿಯ ಮುಸ್ಲಿಂ ಊರುಗಳಲ್ಲಿ ಅತ್ಯಂತ ಜನನಿಬಿಡವಾದದ್ದು.

ಆ ದೇಶದ ತಮಿಳರ ಸಂಕಟ ನಿಜವಾದದ್ದೆಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಬೇಕು. 1956ರಲ್ಲಿ ಸಿಂಹಳವೊಂದನ್ನೇ ಅಧಿಕೃತ ಭಾಷೆಯಾಗಿಸಿದ ಕಾಯ್ದೆ, 1958 ಮತ್ತು 1977ರ ಗಲಭೆಗಳು, 1981ರಲ್ಲಿ ಪೊಲೀಸರು ಮತ್ತು ಅವರ ಜೊತೆಗಿದ್ದ ಗುಂಪುಗಳು ಸುಮಾರು 97,000 ಸಂಪುಟಗಳಿದ್ದ ಜಾಫ್ನಾ ಸಾರ್ವಜನಿಕ ಗ್ರಂಥಾಲಯವನ್ನು ಸುಟ್ಟದ್ದು, 1983ರ ಜುಲೈನಲ್ಲಿ ಕೊಲಂಬೊ ಮತ್ತಿತರ ಕಡೆ ತಮಿಳರನ್ನು ಹುಡುಕಿ ಕೊಂದದ್ದು, ಇವೆಲ್ಲ ಒಂದು ಸಮುದಾಯವನ್ನು ಗೋಡೆಗೆ ಒತ್ತಿದ ಘಟನೆಗಳು. ತಮಿಳು ಈಳಂ ವಿಮೋಚನಾ ಹುಲಿಗಳು, ಅಂದರೆ ಎಲ್‌ಟಿಟಿಇ ಎಂಬ ಹೆಸರಿನಿಂದ ಕನ್ನಡಿಗರಿಗೂ ಪರಿಚಿತವಾದ ಸಂಘಟನೆ ಬೆಳೆದದ್ದು ಈ ಗಾಯದ ಮೇಲೆ. ಕರ್ನಾಟಕದಲ್ಲಿ ಆ ಹೆಸರು ಹೆಚ್ಚಾಗಿ ನೆನಪಾಗುವುದು ರಾಜೀವ್ ಗಾಂಧಿಯವರ ಹತ್ಯೆಯ ರೂವಾರಿ ಶಿವರಾಸನ್ ಮತ್ತು ಆತನ ಸಂಗಡಿಗರು 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಶವಗಳಾಗಿ ಸಿಕ್ಕ ಸಂದರ್ಭದಿಂದ. ಅದಕ್ಕೂ ಒಂದು ವರ್ಷ ಮೊದಲು ಅದೇ ಸಂಘಟನೆ ತನ್ನದೇ ಭಾಷೆಯಾಡುವ ನೆರೆಯವರಿಗೆ ಏನು ಮಾಡಿತೆಂಬುದು ಇಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಪೂಜಾಸ್ಥಳಗಳ ಮೇಲೆ ಎಲ್‌ಟಿಟಿಇ ಕೈಮಾಡಿದ್ದು ಕಾತ್ತಾನ್‌ಕುಡಿಯಲ್ಲೇ ಮೊದಲಲ್ಲ, ಅಲ್ಲಿಗೇ ಮುಗಿಯಲೂ ಇಲ್ಲ. 1985ರ ಮೇ 14ರಂದು ಅದರ ಹೋರಾಟಗಾರರು ಬಸ್ಸೊಂದರಲ್ಲಿ ಅನುರಾಧಪುರಕ್ಕೆ ಬಂದು, ಬಸ್ ನಿಲ್ದಾಣದಲ್ಲಿದ್ದವರ ಮೇಲೆ ಗುಂಡು ಹಾರಿಸಿ, ಅಲ್ಲಿಂದ ಬೌದ್ಧರಿಗೆ ಅತ್ಯಂತ ಪವಿತ್ರವಾದ ಶ್ರೀ ಮಹಾಬೋಧಿ ವೃಕ್ಷದ ಆವರಣಕ್ಕೆ ಹೋಗಿ ಭಿಕ್ಷುಗಳನ್ನೂ ಭಿಕ್ಷುಣಿಯರನ್ನೂ ಯಾತ್ರಿಕರನ್ನೂ ಕೊಂದರು. ಆ ದಿನ ಸತ್ತವರು ನೂರನಲವತ್ತಕ್ಕೂ ಹೆಚ್ಚು. ಅದಕ್ಕೆ ಕೆಲವೇ ದಿನ ಮೊದಲು ಸೈನಿಕರು ವಲ್ವೆಟ್ಟಿತ್ತುರೈಯಲ್ಲಿ ತಮಿಳು ನಾಗರಿಕರನ್ನು ಕೊಂದಿದ್ದರು, ಅನುರಾಧಪುರವನ್ನು ಅದಕ್ಕೆ ಪ್ರತೀಕಾರವೆಂದು ವಿವರಿಸಿದವರಿದ್ದಾರೆ. ವಲ್ವೆಟ್ಟಿತ್ತುರೈಯಲ್ಲಿ ಗುಂಡು ಹಾರಿಸಿದ ಸೈನಿಕ ಯಾರೂ ಬೋಧಿವೃಕ್ಷದ ಕೆಳಗೆ ಕುಳಿತಿರಲಿಲ್ಲ ಎಂಬ ಸರಳ ಸಂಗತಿಗೆ ಆ ವಿವರಣೆಯಲ್ಲಿ ಉತ್ತರವಿಲ್ಲ. 1987ರ ಜೂನ್ 2ರಂದು ಅರಂತಲಾವದಲ್ಲಿ ಬಸ್ ತಡೆದು 33 ಭಿಕ್ಷುಗಳನ್ನು ಕಡಿದೂ ಗುಂಡಿಕ್ಕಿಯೂ ಕೊಲ್ಲಲಾಯಿತು. ಅವರಲ್ಲಿ ಹೆಚ್ಚಿನವರು ದೀಕ್ಷೆ ಪಡೆದು ಕಲಿಯುತ್ತಿದ್ದ ಹುಡುಗರು. 1998ರ ಜನವರಿ 25ರಂದು, ಸ್ವಾತಂತ್ರ್ಯದ ಐವತ್ತನೇ ವರ್ಷದ ಆಚರಣೆಗೆ ಕ್ಯಾಂಡಿ ನಗರ ಅಣಿಯಾಗುತ್ತಿದ್ದಾಗ, ಬುದ್ಧನ ದಂತಧಾತುವಿರುವ ದಳದಾ ಮಾಳಿಗೆಯ ಮುಂದೆ ಸ್ಫೋಟಕ ತುಂಬಿದ ಲಾರಿಯನ್ನು ಸಿಡಿಸಲಾಯಿತು.

ಈ ಮೂರೂ ದಾಳಿಗಳಲ್ಲಿ ಗುರಿಯಾದದ್ದು ಪ್ರಭುತ್ವದ ಧರ್ಮವೆನಿಸಿದ ಬೌದ್ಧಧರ್ಮ, ಆದ್ದರಿಂದ ಅವುಗಳ ಹಿಂದೆ ಒಂದು ಯುದ್ಧತಂತ್ರದ ಲೆಕ್ಕವಿತ್ತೆಂದು ಹೇಳುವುದು ಸಾಧ್ಯ. ಲೆಕ್ಕ ಇದ್ದಮಾತ್ರಕ್ಕೆ ಕೃತ್ಯ ಒಪ್ಪಿತವಾಗುವುದಿಲ್ಲ ಎಂಬುದು ಬೇರೆ ಮಾತು. ಕಾತ್ತಾನ್‌ಕುಡಿಯಲ್ಲಿ ಆ ಲೆಕ್ಕವೂ ಹೊಂದುವುದಿಲ್ಲ. ಅಲ್ಲಿನ ಜನ ಪ್ರಭುತ್ವದ ಧರ್ಮದವರಲ್ಲ, ಸಿಂಹಳ ಮಾತನಾಡುವವರಲ್ಲ. ಎಲ್‌ಟಿಟಿಇಯ ರಾಜಕೀಯ ಭಾಷಣಗಳಲ್ಲಿ ಬರುತ್ತಿದ್ದ ‘ತಮಿಳು ಮಾತನಾಡುವ ಜನತೆ’ಯೊಳಗೆ ಅವರೂ ಸೇರಿದ್ದರು, ಆರಂಭದ ವರ್ಷಗಳಲ್ಲಿ ಮುಸ್ಲಿಂ ಯುವಕರು ತಮಿಳು ಹೋರಾಟದ ಗುಂಪುಗಳಿಗೆ ಸೇರಿಯೂ ಇದ್ದರು. ಬಿರುಕು ಬಂದದ್ದು ಮುಸ್ಲಿಮರು ತಮ್ಮ ರಾಜಕೀಯವನ್ನು ತಾವೇ ಮಾಡುತ್ತೇವೆಂದು ಎದ್ದು ನಿಂತಾಗ. ಎಂ. ಎಚ್. ಎಂ. ಅಶ್ರಫ್ ಅವರು ಕಟ್ಟಿದ ಶ್ರೀಲಂಕಾ ಮುಸ್ಲಿಂ ಕಾಂಗ್ರೆಸ್ ಎಂಬತ್ತರ ದಶಕದ ಕೊನೆಯಲ್ಲಿ ಪೂರ್ವದಲ್ಲಿ ಬಲಗೊಂಡಿತು. ಸರ್ಕಾರವೂ ಈ ಬಿರುಕನ್ನು ಬಳಸಿಕೊಂಡು ಮುಸ್ಲಿಂ ಯುವಕರಿಗೆ ಗೃಹರಕ್ಷಕರೆಂದು ಬಂದೂಕು ಕೊಟ್ಟಿತು, ಅಂಥ ಕೆಲವರು ನೆರೆಯ ತಮಿಳು ಹಳ್ಳಿಗಳಲ್ಲಿ ಕೊಲೆಗಳಲ್ಲಿ ಭಾಗಿಯಾದರು.

1990ರ ಮಾರ್ಚ್‌ನಲ್ಲಿ ಭಾರತೀಯ ಶಾಂತಿಪಾಲನಾ ಪಡೆ ದ್ವೀಪವನ್ನು ಬಿಟ್ಟಿತು. ಜೂನ್‌ನಲ್ಲಿ ಎಲ್‌ಟಿಟಿಇ ಪೂರ್ವದ ಪೊಲೀಸ್ ಠಾಣೆಗಳನ್ನು ಸುತ್ತುವರಿದು, ಶರಣಾದ ನೂರಾರು ಪೊಲೀಸರನ್ನು ಕೊಂದಿತು. ಸರ್ಕಾರಕ್ಕೂ ಆ ಸಂಘಟನೆಗೂ ನಡುವೆ ಇದ್ದ ಕದನವಿರಾಮ ಮುರಿದು ಯುದ್ಧದ ಎರಡನೇ ಘಟ್ಟ ಆರಂಭವಾಯಿತು. ಜುಲೈನಲ್ಲಿ ಕಾತ್ತಾನ್‌ಕುಡಿಗೆ ಮರಳುತ್ತಿದ್ದ ಮುಸ್ಲಿಂ ಪ್ರಯಾಣಿಕರನ್ನು ಕುರುಕ್ಕಳ್‌ಮಡಂ ಬಳಿ ತಡೆದು ಕೊಲ್ಲಲಾಯಿತು, ಅವರಲ್ಲಿ ಹಜ್ ಯಾತ್ರೆ ಮುಗಿಸಿ ಬರುತ್ತಿದ್ದವರೂ ಇದ್ದರು. ಆಗಸ್ಟ್ 3, ಶುಕ್ರವಾರ ರಾತ್ರಿ, ದಿನದ ಕೊನೆಯ ನಮಾಜಾದ ಇಶಾಗೆ ಜನ ಸಾಲುಗಟ್ಟಿ ನಿಂತಿದ್ದಾಗ, ಊರಿನ ಮೀರಾ ಜುಮ್ಮಾ ಮಸೀದಿ ಮತ್ತು ಹುಸೇನಿಯಾ ಮಸೀದಿ ಎರಡಕ್ಕೂ ಬಂದೂಕುಧಾರಿಗಳು ನುಗ್ಗಿ ಗುಂಡು ಹಾರಿಸಿದರು, ಕೈಬಾಂಬುಗಳನ್ನು ಎಸೆದರು. ಸತ್ತವರ ಸಂಖ್ಯೆಯನ್ನು ಬೇರೆಬೇರೆ ದಾಖಲೆಗಳು ನೂರಕ್ಕಿಂತ ತುಸು ಹೆಚ್ಚಿನಿಂದ ಹಿಡಿದು 147ರವರೆಗೆ ಹೇಳುತ್ತವೆ. ಅವರಲ್ಲಿ ತಂದೆ, ಅಜ್ಜಂದಿರ ಪಕ್ಕದಲ್ಲಿ ನಿಂತಿದ್ದ ಬಾಲಕರಿದ್ದರು. ಒಂದೇ ವಾರದ ನಂತರ, ಆಗಸ್ಟ್ 11ರ ರಾತ್ರಿ, ಮಟ್ಟಕ್ಕಳಪ್ಪಿನ ಉತ್ತರಕ್ಕಿರುವ ಏರಾವೂರಿನ ಮುಸ್ಲಿಂ ಕೇರಿಗಳಿಗೆ ನುಗ್ಗಿ ನೂರಕ್ಕೂ ಹೆಚ್ಚು ಜನರನ್ನು ಕೊಲ್ಲಲಾಯಿತು. ಎಲ್‌ಟಿಟಿಇ ಕಾತ್ತಾನ್‌ಕುಡಿಯ ಹೊಣೆಯನ್ನು ಅಲ್ಲಗಳೆಯಿತು. ಬದುಕುಳಿದವರ ಮಾತು ಮತ್ತು ಮಾನವ ಹಕ್ಕು ಸಂಘಟನೆಗಳು ನಡೆಸಿದ ಪರಿಶೀಲನೆ ಆ ನಿರಾಕರಣೆಯನ್ನು ಒಪ್ಪುವುದಿಲ್ಲ.

ಹಿಂದಿನ ದಿನ, ಆಗಸ್ಟ್ 2ರಂದು, ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿತ್ತು. ಜಗತ್ತಿನ ಪತ್ರಿಕೆಗಳ ಮುಖಪುಟ ಅದಕ್ಕೇ ಮೀಸಲಾಯಿತು; ಕರ್ನಾಟಕದ ಕರಾವಳಿಯ ಎಷ್ಟೋ ಮನೆಗಳು ಕುವೈತಿನಲ್ಲಿ ಸಿಲುಕಿದ ಮಕ್ಕಳ ಸುದ್ದಿಗಾಗಿ ರೇಡಿಯೋ ಮುಂದೆ ಕುಳಿತಿದ್ದ ದಿನಗಳವು. ಕಾತ್ತಾನ್‌ಕುಡಿಯ ಸುದ್ದಿ ಅದರಡಿಯಲ್ಲಿ ಹೂತುಹೋಯಿತು.

ಹತ್ಯೆಗಳ ಬೆನ್ನಿಗೆ ಬಂದದ್ದು ಉಚ್ಚಾಟನೆ. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಮುಸ್ಲಿಮರೆಲ್ಲರಿಗೂ ಊರು ಬಿಡುವಂತೆ ಆಜ್ಞಾಪಿಸಿತು. ಜಾಫ್ನಾ ನಗರದಲ್ಲಿ ಅಕ್ಟೋಬರ್ 30ರಂದು ಕೊಟ್ಟ ಗಡುವು ಕೇವಲ ಎರಡು ಗಂಟೆ. ಒಡವೆ, ಮನೆಯ ಪತ್ರಗಳು, ಅಲ್ಪ ಮೊತ್ತವನ್ನು ಬಿಟ್ಟು ಉಳಿದ ಹಣ, ಎಲ್ಲವನ್ನೂ ಹೊರಹೋಗುವ ದಾರಿಯಲ್ಲಿ ಕಿತ್ತುಕೊಳ್ಳಲಾಯಿತು. ಹೀಗೆ ಹೊರಬಿದ್ದವರು 70,000ಕ್ಕೂ ಹೆಚ್ಚು. ತಲೆಮಾರುಗಳಿಂದ ಅಲ್ಲಿಯೇ ಬಾಳಿದ ದರ್ಜಿಗಳು, ಲೋಹದ ವ್ಯಾಪಾರಿಗಳು, ಶಾಲಾ ಶಿಕ್ಷಕರು ಪುತ್ತಳಂ ಜಿಲ್ಲೆಯ ತೆಂಗಿನಗರಿಯ ಗುಡಿಸಲುಗಳಿಗೆ ಬಂದು ನಿಂತರು, ಅವರ ಮಕ್ಕಳು ಅಲ್ಲಿಯೇ ಬೆಳೆದು ದೊಡ್ಡವರಾದರು. ಜನರಿಲ್ಲದ ಊರಿನಲ್ಲಿ ಮಸೀದಿಗಳು ಪಾಳುಬಿದ್ದವು. 2002ರ ಏಪ್ರಿಲ್‌ನಲ್ಲಿ ಕಿಳಿನೊಚ್ಚಿಯಲ್ಲಿ ನಡೆದ ಪತ್ರಿಕಾಗೋಷ್ಠಿಯಲ್ಲಿ ಸಂಘಟನೆಯ ನಾಯಕ ವೇಲುಪಿಳ್ಳೈ ಪ್ರಭಾಕರನ್ ಪಕ್ಕದಲ್ಲಿ ಕುಳಿತ ಅದರ ರಾಜಕೀಯ ಸಲಹೆಗಾರ ಆಂಟನ್ ಬಾಲಸಿಂಗಂ ಈ ಉಚ್ಚಾಟನೆಯನ್ನು ರಾಜಕೀಯ ತಪ್ಪೆಂದು ಬಣ್ಣಿಸಿದರು. ಎಪ್ಪತ್ತು ಸಾವಿರ ಜನರನ್ನು ನಿರ್ಗತಿಕರಾಗಿಸಿದ್ದನ್ನು ತಂತ್ರದ ಎಡವಟ್ಟೆಂದು ಹೇಳಿದಮಾತ್ರಕ್ಕೆ ಅದು ಅಪರಾಧವೆಂದು ಒಪ್ಪಿಕೊಂಡಂತಾಗಲಿಲ್ಲ, ಕಾತ್ತಾನ್‌ಕುಡಿಯ ಬಗ್ಗೆಯಂತೂ ಅಷ್ಟು ಒಪ್ಪಿಗೆಯೂ ಬರಲಿಲ್ಲ.

ಬಂಡುಕೋರರು ತಮ್ಮ ಉದ್ದೇಶಕ್ಕೆ ಒದಗಬಹುದಾದ ಜನರನ್ನೇ ಏಕೆ ಕೊಲ್ಲುತ್ತಾರೆ ಎಂಬುದು ರಾಜ್ಯಶಾಸ್ತ್ರಜ್ಞರನ್ನು ಬಹಳ ಕಾಲ ಕಾಡಿದ ಪ್ರಶ್ನೆ. 2006ರಲ್ಲಿ ಪ್ರಕಟವಾದ ಎರಡು ಗ್ರಂಥಗಳು ಈ ಚರ್ಚೆಯ ದಿಕ್ಕನ್ನು ಬದಲಿಸಿದವು. ಗ್ರೀಸಿನ ಅಂತರ್ಯುದ್ಧವನ್ನು ಹಳ್ಳಿಹಳ್ಳಿಯ ಮಟ್ಟದಲ್ಲಿ ಅಧ್ಯಯನ ಮಾಡಿದ ಸ್ಟಾಥಿಸ್ ಕಲಿವಾಸ್, ಹಿಂಸೆಯ ಸ್ವರೂಪವನ್ನು ನಿರ್ಧರಿಸುವುದು ದ್ವೇಷಕ್ಕಿಂತ ಹೆಚ್ಚಾಗಿ ನೆಲದ ಮೇಲಿನ ಹಿಡಿತ ಎಂದು ವಾದಿಸಿದರು. ಹಿಡಿತ ಗಟ್ಟಿಯಾಗಿರುವಲ್ಲಿ ಸುದ್ದಿ ಕೊಡುವವರಿರುತ್ತಾರೆ, ಆದ್ದರಿಂದ ಆಯ್ದು ಕೊಲ್ಲುತ್ತಾರೆ, ಹಿಡಿತವೂ ಸುದ್ದಿಯೂ ಇಲ್ಲದಲ್ಲಿ ಗುಂಪನ್ನೇ ಕೊಲ್ಲುತ್ತಾರೆ. ಜೆರೆಮಿ ವೈನ್‌ಸ್ಟೈನ್ ಅವರ ವಾದ ಬೇರೆ: ಖನಿಜ, ಕಳ್ಳಸಾಗಣೆ, ವಿದೇಶಿ ನೆರವುಗಳಿಂದ ಹಣ ಸಲೀಸಾಗಿ ದೊರೆಯುವ ಬಂಡಾಯಗಳಿಗೆ ಜನರ ಒಪ್ಪಿಗೆ ಬೇಕಾಗುವುದಿಲ್ಲ, ಅವು ಜನರ ಮೇಲೆ ಹೆಚ್ಚು ಕ್ರೂರವಾಗುತ್ತವೆ. ಕಾತ್ತಾನ್‌ಕುಡಿಗೆ ಕಲಿವಾಸರ ವಿವರಣೆ ಸ್ವಲ್ಪ ದೂರ ಸಾಗುತ್ತದೆ, ಏಕೆಂದರೆ 1990ರ ಆ ತಿಂಗಳುಗಳಲ್ಲಿ ಪೂರ್ವದ ನೆಲ ಯಾರ ಹಿಡಿತದಲ್ಲೂ ಪೂರ್ತಿಯಾಗಿ ಇರಲಿಲ್ಲ. ಆದರೆ ಹಿಡಿತದ ಸಿದ್ಧಾಂತ, ಗುಂಡು ಹಾರಿಸಲು ಮಸೀದಿಯನ್ನೇ, ನಮಾಜಿನ ಹೊತ್ತನ್ನೇ ಏಕೆ ಆರಿಸಲಾಯಿತೆಂಬುದನ್ನು ಬಿಡಿಸಿ ಹೇಳುವುದಿಲ್ಲ.

ಅದರ ಉತ್ತರ ಪ್ರಾರ್ಥನೆಯ ಸ್ವಭಾವದಲ್ಲೇ ಇದೆ. ಸಾಮೂಹಿಕ ಪ್ರಾರ್ಥನೆಗೆ ಗೊತ್ತಾದ ಸ್ಥಳವಿದೆ, ಗೊತ್ತಾದ ವೇಳೆಯಿದೆ, ಬಾಗಿಲು ತೆರೆದಿರುತ್ತದೆ, ಬಂದವರು ಬೆನ್ನು ತಿರುಗಿಸಿ ನಿಂತಿರುತ್ತಾರೆ. ಕೊಲೆಗಾರನಿಗೆ ಇದಕ್ಕಿಂತ ಸುಲಭ ಸಂದರ್ಭ ಇನ್ನೊಂದಿಲ್ಲ. ಅದಕ್ಕೂ ಮಿಗಿಲಾಗಿ, ಮಸೀದಿಯಲ್ಲಿ ಸತ್ತವನು ತನ್ನ ಹೆಸರಿನಿಂದಾಗಲಿ, ಮಾಡಿದ ಕೆಲಸದಿಂದಾಗಲಿ ಸಾಯುವುದಿಲ್ಲ, ಆ ಸಾಲಿನಲ್ಲಿ ನಿಂತದ್ದರಿಂದ ಸಾಯುತ್ತಾನೆ. ಆಗ ಊರಿನ ಪ್ರತಿಯೊಬ್ಬನಿಗೂ ಮುಂದಿನ ಸಾಲು ತನ್ನದೆಂದು ಅರ್ಥವಾಗುತ್ತದೆ, ನಿನ್ನೆಯವರೆಗೆ ಜೊತೆಗೆ ಗದ್ದೆ ಮಾಡುತ್ತಿದ್ದ ತಮಿಳು ನೆರೆಯವನ ಮುಖವೂ ಅನುಮಾನದ ಮುಖವಾಗುತ್ತದೆ. ಎರಡು ಸಮುದಾಯಗಳು ಬೆರೆತು ಬಾಳುವ ನೆಲದಲ್ಲಿ ಏಕಸ್ವಾಮ್ಯ ಬಯಸುವ ಬಂಡಾಯಕ್ಕೆ ದೊಡ್ಡ ಅಡ್ಡಿಯೆಂದರೆ ಆ ಬೆರಕೆಯೇ, ಅದನ್ನು ಒಂದೇ ರಾತ್ರಿಯಲ್ಲಿ ಕಡಿಯುವ ಶಕ್ತಿ ಪ್ರಾರ್ಥನಾ ಸ್ಥಳದ ಹತ್ಯೆಗಿದೆ. ಪ್ರತೀಕಾರದ ಹತ್ಯೆಗಳು ತಾವಾಗಿಯೇ ಹಿಂಬಾಲಿಸುತ್ತವೆ. ಪೂರ್ವದಲ್ಲಿ ಹಾಗೆಯೇ ಆಯಿತು: ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ತಮಿಳು ಹಳ್ಳಿಗಳ ಮೇಲೆ ದಾಳಿಗಳು ನಡೆದವು, ಸೆಪ್ಟೆಂಬರ್‌ನಲ್ಲಿ ಮಟ್ಟಕ್ಕಳಪ್ಪಿನ ಬಳಿಯ ಸತ್ತುರುಕೊಂಡಾನ್‌ನಲ್ಲಿ ಸೇನೆಯ ಶಿಬಿರಕ್ಕೆ ಒಯ್ದ ತಮಿಳು ಗ್ರಾಮಸ್ಥರಲ್ಲಿ ನೂರೆಂಬತ್ತಕ್ಕೂ ಹೆಚ್ಚು ಜನ ಕೊಲೆಯಾದರು, ಪೂರ್ವ ವಿಶ್ವವಿದ್ಯಾಲಯದ ಆವರಣದಲ್ಲಿ ಆಶ್ರಯ ಪಡೆದಿದ್ದ ತಮಿಳರಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿಯನ್ನು ಸೇನೆ ಎಳೆದೊಯ್ದಿತು, ಅವರು ಮರಳಲಿಲ್ಲ.

ಸರ್ಕಾರದ ಪಡೆಗಳೂ ಪೂಜಾಸ್ಥಳಗಳನ್ನು ಬಿಟ್ಟಿಲ್ಲ. 1995ರ ಜುಲೈ 9ರಂದು ವಾಯುಪಡೆ ಜಾಫ್ನಾದ ನವಾಲಿಯಲ್ಲಿ ಸೇಂಟ್ ಪೀಟರ್ ಚರ್ಚಿನ ಮೇಲೆ ಬಾಂಬು ಹಾಕಿದಾಗ ಅಲ್ಲಿ ಆಶ್ರಯ ಪಡೆದಿದ್ದ ನೂರಕ್ಕೂ ಹೆಚ್ಚು ತಮಿಳರು ಸತ್ತರು. ನವಾಲಿಯನ್ನು ಮರೆತು ಕಾತ್ತಾನ್‌ಕುಡಿಯನ್ನು ನೆನೆಯುವವರೂ, ಕಾತ್ತಾನ್‌ಕುಡಿಯನ್ನು ಮರೆತು ನವಾಲಿಯನ್ನು ನೆನೆಯುವವರೂ ಸತ್ತವರ ಪರವಾಗಿ ಮಾತನಾಡುತ್ತಿಲ್ಲ. ಅವರು ತಮ್ಮ ಪಕ್ಷದ ಪರವಾಗಿ ಮಾತನಾಡುತ್ತಿದ್ದಾರೆ.

ಈ ಎರಡೂ ಮರೆವುಗಳನ್ನು ನಿರಾಕರಿಸಿದವರು ಜಾಫ್ನಾದಲ್ಲಿಯೇ ಇದ್ದರೆಂಬುದು ಈ ಕತ್ತಲ ಇತಿಹಾಸದಲ್ಲಿ ಗೌರವದಿಂದ ನೆನೆಯಬೇಕಾದ ಸಂಗತಿ. 1988ರಲ್ಲಿ ಜಾಫ್ನಾ ವಿಶ್ವವಿದ್ಯಾಲಯದ ಅಧ್ಯಾಪಕರು ಕಟ್ಟಿದ ‘ಮಾನವ ಹಕ್ಕುಗಳಿಗಾಗಿ ವಿಶ್ವವಿದ್ಯಾಲಯ ಅಧ್ಯಾಪಕರು’ ಎಂಬ ಸಂಘಟನೆ ಶ್ರೀಲಂಕಾ ಸೇನೆ, ಭಾರತೀಯ ಪಡೆ, ಎಲ್‌ಟಿಟಿಇ ಮೂವರ ಕೃತ್ಯಗಳನ್ನೂ ಒಂದೇ ಅಳತೆಯಿಂದ ದಾಖಲಿಸಿತು. ಅದರ ಸ್ಥಾಪಕರಲ್ಲೊಬ್ಬರು ಅಂಗರಚನಾಶಾಸ್ತ್ರ ವಿಭಾಗದ ಮುಖ್ಯಸ್ಥೆ ರಜನಿ ತಿರಣಗಮ. 1989ರ ಸೆಪ್ಟೆಂಬರ್ 21ರಂದು ವಿಶ್ವವಿದ್ಯಾಲಯದಿಂದ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದಾಗ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಕೊಂದವರು ಎಲ್‌ಟಿಟಿಇಯವರೆಂದೇ ವ್ಯಾಪಕವಾಗಿ ನಂಬಲಾಗಿದೆ. ಅವರು ಸಹಲೇಖಕಿಯಾಗಿದ್ದ ‘ದಿ ಬ್ರೋಕನ್ ಪಾಮೈರಾ’ ಗ್ರಂಥ ಅವರ ಮರಣಾನಂತರ ಹೊರಬಂತು. ಸಂಗಾತಿಯ ಕೊಲೆಯ ನಂತರವೂ ಉಳಿದವರು ಬರೆಯುವುದನ್ನು ನಿಲ್ಲಿಸಲಿಲ್ಲ, ಪೂರ್ವದ ಮುಸ್ಲಿಮರ ಹತ್ಯೆಗಳನ್ನೂ ಉತ್ತರದ ಉಚ್ಚಾಟನೆಯನ್ನೂ ಜಗತ್ತು ವಿವರವಾಗಿ ತಿಳಿದದ್ದರಲ್ಲಿ ಈ ತಮಿಳು ಅಧ್ಯಾಪಕರ ವರದಿಗಳ ಪಾಲು ದೊಡ್ಡದು. ಬಂಡಾಯ ಯಾರ ಹೆಸರಿನಲ್ಲಿ ನಡೆಯುತ್ತದೆಯೋ ಅವರೊಳಗಿಂದಲೇ ಬರುವ ಸಾಕ್ಷ್ಯಕ್ಕೆ ಸರ್ಕಾರದ ಶ್ವೇತಪತ್ರಕ್ಕಿಲ್ಲದ ತೂಕವಿರುತ್ತದೆ, ಅದರ ಬೆಲೆಯೂ ಅಷ್ಟೇ ಘೋರವಾಗಿರುತ್ತದೆ.

ಬಂಡುಕೋರರನ್ನು ಕಟ್ಟಿಹಾಕುವ ಕಾನೂನು ಇಲ್ಲವೇ ಎಂದರೆ, ಇದೆ. 1949ರ ನಾಲ್ಕು ಜಿನೀವಾ ಒಪ್ಪಂದಗಳಲ್ಲಿ ಒಂದೇ ಮಾತಿನಲ್ಲಿ ಪುನರಾವರ್ತನೆಯಾಗುವ ಮೂರನೇ ವಿಧಿಯನ್ನು ‘ಸಮಾನ ವಿಧಿ ಮೂರು’ ಎನ್ನುತ್ತಾರೆ; ದೇಶದೊಳಗಿನ ಸಂಘರ್ಷದಲ್ಲಿ ಭಾಗಿಯಾದ ಪ್ರತಿಯೊಂದು ಪಕ್ಷವೂ, ಎಂದರೆ ಸರ್ಕಾರದಷ್ಟೇ ಬಂಡುಕೋರರೂ, ಕಾದಾಟದಲ್ಲಿ ಪಾಲ್ಗೊಳ್ಳದವರನ್ನು ಕೊಲ್ಲಬಾರದು, ಹಿಂಸಿಸಬಾರದು, ಒತ್ತೆಯಾಳಾಗಿಸಬಾರದು ಎಂದು ಅದು ವಿಧಿಸುತ್ತದೆ. ಬಂಡುಕೋರರು ಸಹಿ ಹಾಕಿಲ್ಲವೆಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿಲ್ಲ, ಏಕೆಂದರೆ ದೇಶವೊಂದು ಒಪ್ಪಿದ ಕಾನೂನು ಆ ದೇಶದ ನೆಲದಲ್ಲಿ ಆಯುಧ ಎತ್ತಿದವರಿಗೂ ಅನ್ವಯಿಸುತ್ತದೆಂಬುದು ಒಪ್ಪಿತ ತತ್ತ್ವ; ಈ ಒಪ್ಪಂದಗಳನ್ನು ಶ್ರೀಲಂಕಾ ಮತ್ತು ಭಾರತ ಎರಡೂ ಒಪ್ಪಿವೆ. 1977ರ ಎರಡನೇ ಹೆಚ್ಚುವರಿ ಶಿಷ್ಟಾಚಾರದ ಹದಿಮೂರನೇ ವಿಧಿ ನಾಗರಿಕರ ಮೇಲಿನ ದಾಳಿಯನ್ನೂ, ಹದಿನಾರನೇ ವಿಧಿ ಜನತೆಯ ಸಾಂಸ್ಕೃತಿಕ ಅಥವಾ ಆಧ್ಯಾತ್ಮಿಕ ಪರಂಪರೆಯೆನಿಸಿದ ಪೂಜಾಸ್ಥಳಗಳ ಮೇಲಿನ ದಾಳಿಯನ್ನೂ ನಿಷೇಧಿಸುತ್ತದೆ. ಅದಕ್ಕೆ ಎರಡೂ ದೇಶಗಳು ಸೇರಿಲ್ಲ. 2002ರ ಜುಲೈ 1ರಂದು ಜಾರಿಗೆ ಬಂದ ರೋಮ್ ಶಾಸನ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿ, ಧರ್ಮಕ್ಕೆ ಮೀಸಲಾದ ಕಟ್ಟಡಗಳ ಮೇಲೆ ಉದ್ದೇಶಪೂರ್ವಕವಾಗಿ ದಾಳಿ ಮಾಡುವುದನ್ನು, ಅವು ‘ಸೈನಿಕ ಗುರಿ’ಯಾಗಿರದಿದ್ದರೆ, ಅಂದರೆ ಶತ್ರುವಿನ ಯುದ್ಧಕಾರ್ಯಕ್ಕೆ ನೆರವಾಗುವ ಸ್ಥಳವಾಗಿ ಬಳಕೆಯಾಗಿರದಿದ್ದರೆ, ಯುದ್ಧಾಪರಾಧವೆಂದು ಸಾರಿತು. ಅದಕ್ಕೂ ಎರಡೂ ದೇಶಗಳು ಸೇರಿಲ್ಲ.

ಮಾಲಿ ಸೇರಿತ್ತು, ಟಿಂಬಕ್ಟುವಿನ ಕಥೆ ಬೇರೆಯಾದದ್ದು ಅದರಿಂದ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಈ ನಗರ 333 ಸಂತರ ಊರೆಂದು ಪ್ರಸಿದ್ಧ. ಅದರ ಮಣ್ಣಿನ ಮಸೀದಿಗಳೂ ಸಂತರ ಸಮಾಧಿಗಳೂ 1988ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಮಳೆಗಾಲದ ನಂತರ ಊರಿನವರೇ ಸೇರಿ ಗೋಡೆಗಳಿಗೆ ಮಣ್ಣು ಮೆತ್ತುವುದು, ಗೋರಿಗಳ ಬಳಿ ಪ್ರಾರ್ಥಿಸಿ ಹರಕೆ ಹೇಳಿಕೊಳ್ಳುವುದು ಅಲ್ಲಿನ ಮುಸ್ಲಿಮರ ಶತಮಾನಗಳ ರೂಢಿ. 2012ರ ಏಪ್ರಿಲ್‌ನಲ್ಲಿ ಉತ್ತರ ಮಾಲಿ ಬಂಡುಕೋರರ ವಶವಾಯಿತು, ಟಿಂಬಕ್ಟುವಿನ ಆಡಳಿತ ಇಯಾದ್ ಅಗ್ ಗಾಲಿ ನೇತೃತ್ವದ ಅನ್ಸಾರ್ ದೀನ್ ಮತ್ತು ಅದರ ಜೊತೆಗಿದ್ದ ಅಲ್ ಖೈದಾದ ಮಗ್ರಿಬ್ ಶಾಖೆಯ ಕೈಗೆ ಬಂತು. ಗೋರಿಪೂಜೆ ಧರ್ಮವಿರುದ್ಧವೆಂದು ಸಾರಿ ಅವರು ಜೂನ್ ಕೊನೆಯಿಂದ ಜುಲೈ 11ರವರೆಗೆ ಸಮಾಧಿಗಳನ್ನು ಗುದ್ದಲಿ, ಹಾರೆಗಳಿಂದ ಕೆಡವಿದರು, ಪ್ರಳಯದ ದಿನದವರೆಗೂ ತೆರೆಯಬಾರದೆಂಬ ನಂಬಿಕೆಯಿದ್ದ ಸಿದಿ ಯಹ್ಯಾ ಮಸೀದಿಯ ಬಾಗಿಲನ್ನು ಕಿತ್ತರು. ಇಲ್ಲಿ ಕೆಡವಿದವರೂ ಮುಸ್ಲಿಮರು, ಕಳೆದುಕೊಂಡವರೂ ಮುಸ್ಲಿಮರು. ಪೂಜಾಸ್ಥಳಗಳ ಮೇಲಿನ ದಾಳಿಯನ್ನು ಒಂದು ಧರ್ಮ ಇನ್ನೊಂದರ ಮೇಲೆ ಮಾಡುವ ಯುದ್ಧವೆಂದಷ್ಟೇ ಕಾಣುವವರಿಗೆ ಇದು ಉತ್ತರ.

ಕೆಡವುವ ಕೆಲಸದ ಮೇಲ್ವಿಚಾರಣೆ ನಡೆಸಿದವನು ಅಹ್ಮದ್ ಅಲ್ ಫಕಿ ಅಲ್ ಮಹ್ದಿ. ಅವನು ಹಿಂದೆ ಶಿಕ್ಷಕನಾಗಿದ್ದವನು, ಆಗ ಬಂಡುಕೋರರ ನೀತಿಪಾಲನಾ ಪಡೆಯಾದ ಹಿಸ್ಬಾದ ಮುಖ್ಯಸ್ಥ. ಹತ್ತು ಕಟ್ಟಡಗಳ ಮೇಲಿನ ದಾಳಿಯೊಂದೇ ಅವನ ಮೇಲಿದ್ದ ಆರೋಪ. ಅವನು ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ, 2016ರ ಸೆಪ್ಟೆಂಬರ್ 27ರಂದು ನ್ಯಾಯಾಲಯ ಒಂಬತ್ತು ವರ್ಷಗಳ ಸೆರೆವಾಸ ವಿಧಿಸಿತು. ಪರಂಪರೆಯ ನಾಶವನ್ನೇ ಮುಖ್ಯ ಅಪರಾಧವಾಗಿಟ್ಟು ಆ ನ್ಯಾಯಾಲಯ ನಡೆಸಿದ ಮೊದಲ ಮೊಕದ್ದಮೆಯಿದು. 2017ರ ಆಗಸ್ಟ್‌ನಲ್ಲಿ ನೀಡಿದ ಪರಿಹಾರದ ಆದೇಶದಲ್ಲಿ ಹಾನಿಯನ್ನು 27 ಲಕ್ಷ ಯೂರೊ ಎಂದು ಅಂದಾಜಿಸಿ, ಕಟ್ಟಡಗಳಿಗಾದ ನಷ್ಟದ ಜೊತೆಗೆ ಟಿಂಬಕ್ಟುವಿನ ಸಮುದಾಯ ಅನುಭವಿಸಿದ ನೋವಿಗೂ, ಗೋರಿಗಳನ್ನು ನೋಡಿಕೊಂಡು ಬದುಕುತ್ತಿದ್ದವರ ಜೀವನೋಪಾಯಕ್ಕೂ ಬೆಲೆ ಕಟ್ಟಲಾಯಿತು. ಅದಕ್ಕೂ ಮೊದಲೇ ಊರಿನ ಮೇಸ್ತ್ರಿಗಳು ಯುನೆಸ್ಕೊ ನೆರವಿನಿಂದ ಸಮಾಧಿಗಳನ್ನು ಮತ್ತೆ ಕಟ್ಟಿದ್ದರು.

ಈ ತೀರ್ಪಿನ ಬಗ್ಗೆ ಮಾನವ ಹಕ್ಕುಗಳ ವಲಯದಲ್ಲೇ ಅಸಮಾಧಾನವಿತ್ತು, ಅದು ನ್ಯಾಯವಾದ ಅಸಮಾಧಾನ. ಅದೇ ಆಡಳಿತದಲ್ಲಿ ಟಿಂಬಕ್ಟುವಿನ ಜನ ಛಡಿಯೇಟು ತಿಂದರು, ಅಂಗಛೇದ ಅನುಭವಿಸಿದರು, ಹೆಂಗಸರು ಬಲವಂತದ ಮದುವೆಗಳಿಗೆ ಗುರಿಯಾದರು. ಅಲ್ ಮಹ್ದಿಯ ಮೊಕದ್ದಮೆಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಅಲ್ಲಿನ ಇಸ್ಲಾಮಿಕ್ ಪೊಲೀಸ್ ಪಡೆಯ ಪ್ರಮುಖನಾಗಿದ್ದ ಅಲ್ ಹಸನ್‌ನ ವಿಚಾರಣೆಯಲ್ಲಿ ಜನರ ಮೇಲಿನ ಹಿಂಸೆ ಕೇಂದ್ರಕ್ಕೆ ಬಂತು: 2024ರ ಜೂನ್‌ನಲ್ಲಿ ಅವನು ಚಿತ್ರಹಿಂಸೆ ಮುಂತಾದ ಅಪರಾಧಗಳಲ್ಲಿ ದೋಷಿಯೆಂದು ತೀರ್ಮಾನವಾಗಿ, ನವೆಂಬರ್‌ನಲ್ಲಿ ಹತ್ತು ವರ್ಷಗಳ ಶಿಕ್ಷೆಯಾಯಿತು, ಕಟ್ಟಡಗಳ ಮೇಲಿನ ದಾಳಿಯ ಆರೋಪದಿಂದಲೂ ಲೈಂಗಿಕ ಅಪರಾಧಗಳ ಆರೋಪದಿಂದಲೂ ಮುಕ್ತನಾದ. ಬಲವಂತದ ಮದುವೆಗಳಿಗೆ ಗುರಿಯಾದ ಹೆಂಗಸರ ಪಾಲಿಗೆ ಇದು ಇನ್ನೂ ಮುಗಿಯದ ಲೆಕ್ಕ. ಇಯಾದ್ ಅಗ್ ಗಾಲಿಯ ಬಂಧನಕ್ಕೆ ಹೊರಡಿಸಿದ್ದ ವಾರಂಟನ್ನು 2024ರ ಜೂನ್‌ನಲ್ಲಿ ಬಹಿರಂಗಪಡಿಸಲಾಯಿತು. ಇಷ್ಟೆಲ್ಲ ಕೊರತೆಗಳ ನಡುವೆಯೂ ಟಿಂಬಕ್ಟು ಒಂದು ಸಂಗತಿಯನ್ನು ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿಸಿತು: ಬಂಡುಕೋರ ಗುಂಪಿನ ಮಧ್ಯಮ ದರ್ಜೆಯ ಅಧಿಕಾರಿಯನ್ನು ಹೆಸರು ಹಿಡಿದು ಕರೆದು, ಪುರಾವೆ ಮುಂದಿಟ್ಟು, ವಕೀಲರನ್ನು ಒದಗಿಸಿ, ಹೊಣೆ ಹೊರಿಸುವುದು ಸಾಧ್ಯ.

ಕಾತ್ತಾನ್‌ಕುಡಿಗೆ ಆ ದಾರಿ ಮುಚ್ಚಿದೆ. 1990ರ ಕೃತ್ಯಗಳು 2002ರ ನಂತರದ ಅಪರಾಧಗಳನ್ನಷ್ಟೇ ವಿಚಾರಿಸುವ ಹೇಗ್ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲ. ಉಳಿದದ್ದು ದೇಶದ ನ್ಯಾಯಾಲಯಗಳು. ಕೊಲೆ ಎಲ್ಲ ಕಾಲದಲ್ಲೂ ಕೊಲೆಯೇ ಆದ್ದರಿಂದ ಸಾಮಾನ್ಯ ದಂಡಸಂಹಿತೆಯಡಿ ತನಿಖೆ ನಡೆಸಲು ಯಾವ ಅಡ್ಡಿಯೂ ಇರಲಿಲ್ಲ. 2009ರ ಮೇ ತಿಂಗಳಲ್ಲಿ ಎಲ್‌ಟಿಟಿಇಯ ನಾಯಕತ್ವವನ್ನು ಕೊಂದು ಯುದ್ಧ ಗೆದ್ದ ಸರ್ಕಾರಕ್ಕೆ ತನಿಖೆಯ ಇಚ್ಛೆಯಿರಲಿಲ್ಲ. ಬಂಡುಕೋರರ ಅಪರಾಧಗಳ ಕಡತ ಬಿಚ್ಚಿದರೆ ಸೈನಿಕರ ಕಡತವೂ ಬಿಚ್ಚಬೇಕಾಗುತ್ತದೆ. ಎಲ್‌ಟಿಟಿಇ ಸ್ವಂತ ಜನರನ್ನೇ ಗುರಾಣಿಯಾಗಿ ಹಿಡಿದಿಟ್ಟುಕೊಂಡ, ಸೇನೆ ತಾನೇ ಘೋಷಿಸಿದ ಸುರಕ್ಷಿತ ವಲಯಗಳ ಮೇಲೆ ಶೆಲ್ ಹಾರಿಸಿದ ಕೊನೆಯ ತಿಂಗಳುಗಳ ಸಾವುಗಳ ಲೆಕ್ಕ ಅದರಲ್ಲಿ ಮೊದಲು ಬರುತ್ತದೆ. ಹೀಗೆ ಗೆದ್ದವರ ಮೌನ ಸೋತವರ ಅಪರಾಧಗಳಿಗೂ ರಕ್ಷಣೆಯಾಯಿತು.

2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಶ್ರೀಲಂಕಾದ ಮೂರು ಚರ್ಚುಗಳಲ್ಲೂ ಹೋಟೆಲುಗಳಲ್ಲೂ ಆತ್ಮಾಹುತಿ ಬಾಂಬುಗಳು ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಕೊಲಂಬೊದ ಹೋಟೆಲಿನಲ್ಲಿ ತಂಗಿದ್ದ ಕರ್ನಾಟಕದ ರಾಜಕೀಯ ಕಾರ್ಯಕರ್ತರೂ ಅವರಲ್ಲಿದ್ದರು. ದಾಳಿಯ ನಾಯಕ ಕಾತ್ತಾನ್‌ಕುಡಿಯವನು. ಇದನ್ನು 1990ರ ಹತ್ಯೆಯ ಪರಿಣಾಮವೆಂದು ಹೇಳುವುದು ಆ ಊರಿಗೆ ಮಾಡುವ ಅನ್ಯಾಯವಾದೀತು, ಏಕೆಂದರೆ ತಂದೆ, ಅಣ್ಣತಮ್ಮಂದಿರನ್ನು ಮಸೀದಿಯಲ್ಲಿ ಕಳೆದುಕೊಂಡ ಎಷ್ಟೋ ಜನ ಯಾರ ಮೇಲೂ ಕೈಯೆತ್ತದೆ ಬದುಕಿದ್ದಾರೆ. ಆ ದಾಳಿಯ ನಂತರ ದ್ವೀಪದ ಮುಸ್ಲಿಮರೆಲ್ಲರೂ ಅನುಮಾನಕ್ಕೂ ಗಲಭೆಗಳಿಗೂ ಗುರಿಯಾದಾಗ, ಪ್ರಾರ್ಥನೆಗೆ ನಿಂತು ಸತ್ತ ಅವರದೇ ಜನರ ನೆನಪು ಅಷ್ಟಾಗಿ ಚರ್ಚೆಗೆ ಬರಲಿಲ್ಲವೆಂಬುದು ಮಾತ್ರ ಗಮನಿಸಬೇಕಾದದ್ದು.

ಭಾರತಕ್ಕೂ ಇದರಲ್ಲಿ ಕೆಲಸವಿದೆ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಶಿಕ್ಷಿಸುವುದು ಒಪ್ಪಂದಗಳ ‘ಗಂಭೀರ ಉಲ್ಲಂಘನೆ’ಗಳನ್ನು, ಆ ವರ್ಗ ದೇಶದೇಶಗಳ ನಡುವಿನ ಯುದ್ಧಕ್ಕೆ ಸಂಬಂಧಿಸಿದ್ದು, ದೇಶದೊಳಗಿನ ಸಂಘರ್ಷಕ್ಕೆ ಅನ್ವಯಿಸುವ ಸಮಾನ ವಿಧಿ ಮೂರರ ಉಲ್ಲಂಘನೆಗೆ ಅದರಲ್ಲಿ ಪ್ರತ್ಯೇಕ ಶಿಕ್ಷೆಯಿಲ್ಲ. ಈ ಕೊರತೆಯನ್ನು ತುಂಬುವ ತಿದ್ದುಪಡಿಗೆ ಸಂಸತ್ತಿನ ಇಚ್ಛೆಯೊಂದು ಸಾಕು, ಕಾನೂನು ಬಲ್ಲವರು ಮತ್ತು ಕಾನೂನು ಕಲಿಯುತ್ತಿರುವವರು ಅದನ್ನು ಕೇಳಬೇಕು. ಬಂಡಾಯದ ಬೇಡಿಕೆ ನ್ಯಾಯವೆಂದು ಒಪ್ಪುವವರ ಮೇಲಂತೂ ಈ ಹೊಣೆ ಇನ್ನೂ ಹೆಚ್ಚು. ರಜನಿ ತಿರಣಗಮ ಮತ್ತು ಅವರ ಸಂಗಡಿಗರು ಮಾಡಿದಂತೆ, ತಮ್ಮ ಪಕ್ಷದವರು ಕೊಂದವರ ಹೆಸರುಗಳನ್ನು ಮೊದಲು ಬರೆದಿಡಬೇಕಾದವರು ಅವರು. ಕಾತ್ತಾನ್‌ಕುಡಿಯ ಮಸೀದಿಯ ಗೋಡೆಗಳಲ್ಲಿ ಗುಂಡಿನ ತೂತುಗಳನ್ನು ಊರಿನವರು ಮುಚ್ಚದೆ ಉಳಿಸಿದ್ದಾರೆ, ಪ್ರತಿ ವರ್ಷ ಆಗಸ್ಟ್ 3ನ್ನು ಹುತಾತ್ಮರ ದಿನವಾಗಿ ಆಚರಿಸುತ್ತಾರೆ. ಆ ಹತ್ಯೆಗಾಗಿ ಯಾವ ನ್ಯಾಯಾಲಯವೂ ಒಬ್ಬನನ್ನೂ ಶಿಕ್ಷಿಸಿಲ್ಲ.